ಕೊನೆಯ ಹಾಡಿನಲ್ಲಿ ಚರಚರ: ಮುಳ್ಳು ಬದಲಿಸಬೇಕಾ?

ಪ್ರಶ್ನೆ: ಎರಡು ವರ್ಷದಿಂದ ನನ್ನ ರೆಕಾರ್ಡ್ ಪ್ಲೇಯರ್‌ನಲ್ಲಿ ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜ್ (ತೋಳಿನ ತುದಿಯಲ್ಲಿ ಮುಳ್ಳು ಕೂರುವ ಭಾಗ) ಬಳಸುತ್ತಿದ್ದೇನೆ. ಈಚೆಗೆ ಹಾಡಿನಲ್ಲಿ ಸ, ಶ ಬಂದಾಗಲೆಲ್ಲ ಚರಚರ ಎನ್ನುತ್ತದೆ, ಅದರಲ್ಲೂ ಎಲ್‌ಪಿ ರೆಕಾರ್ಡಿನ ಕೊನೆಯ ಹಾಡಿನಲ್ಲಿ. ಎಡಗಡೆ ಸ್ಪೀಕರ್ ಆಗಾಗ ಸುಮ್ಮನಾಗುತ್ತದೆ. ಮುಳ್ಳು ಹೋಯಿತು ಅಂತಲೇ ಲೆಕ್ಕವಾ? ಬಳಸಿದವರು ಹೇಳಿ.

ಉತ್ತರ: ಸರ್, ದುಡ್ಡು ಹಾಕುವ ಮುಂಚೆ ಒಂದು ಸಂಜೆ ಇದಕ್ಕೆ ಕೊಡಿ. ಮೊಬೈಲ್ ಟಾರ್ಚ್ ಹಾಕಿ, ಭೂತಗನ್ನಡಿ ಹಿಡಿದು ಮುಳ್ಳಿನ ತುದಿ ನೋಡಿ. ಹಳೆ ರೆಕಾರ್ಡ್ ಜಾಸ್ತಿ ಹಾಕುವವರ ಮುಳ್ಳಿಗೆ ಬೂದು ಧೂಳು ಹತ್ತಿಯ ಉಂಡೆ ಥರ ಸುತ್ತಿಕೊಂಡಿರುತ್ತದೆ, ಅದರೊಳಗೆ ಕಪ್ಪಗೆ ಗಟ್ಟಿಯಾದ ಕೊಳೆ ತುದಿಗೇ ಅಂಟಿರುತ್ತದೆ. ಸಣ್ಣ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಿರಿ, ರೆಕಾರ್ಡ್ ತಿರುಗುವುದೂ ಅದೇ ದಿಕ್ಕಿಗೆ ಅಲ್ವಾ. ಅಡ್ಡಡ್ಡ ಉಜ್ಜಿದರೆ ಕ್ಯಾಂಟಿಲಿವರ್, ಅಂದರೆ ವಜ್ರದ ತುದಿ ಕೂತಿರುವ ಸಣ್ಣ ಕಡ್ಡಿ, ಬಗ್ಗಿಹೋಗುತ್ತದೆ. ಸ್ಪಿರಿಟ್ ಬೇಡವೇ ಬೇಡ, ವಜ್ರ ಹಿಡಿದಿರುವ ಅಂಟು ಸಡಿಲವಾಗಬಹುದು.

ಆಮೇಲೆ ಮುಳ್ಳು ರೆಕಾರ್ಡ್ ಮೇಲೆ ಒತ್ತುವ ಭಾರ ನೋಡಿ. ಈ ಕಾರ್ಟ್ರಿಡ್ಜ್‌ಗೆ 2 ಗ್ರಾಂ ಬೇಕು, 1.8ರಿಂದ 2.2ರವರೆಗೆ ನಡೆಯುತ್ತದೆ. ತೋಳಿನ ಮೇಲಿನ ಅಂಕಿ ನಂಬಬೇಡಿ, ಪುಟ್ಟ ಡಿಜಿಟಲ್ ತಕ್ಕಡಿಯಲ್ಲೇ ತೂಗಿ. ರೆಕಾರ್ಡ್ ಸವೆಯದಿರಲಿ ಅಂತ ಭಾರ ಕಡಿಮೆ ಇಡುವವರಿದ್ದಾರೆ, ಆದರೆ ಹಗುರವಾದ ಮುಳ್ಳು ಗೆರೆಯಲ್ಲಿ ನಿಲ್ಲದೆ ಕುಣಿದು ಗೋಡೆಗೆ ಬಡಿಯುತ್ತದೆ, ಹಾನಿ ಅದರಿಂದಲೇ ಜಾಸ್ತಿ. ಕೊನೆಯ ಹಾಡಿನಲ್ಲೇ ಚರಚರ ಯಾಕೆಂದರೆ, ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಮುಳ್ಳಿನಡಿ ಓಡಿದರೆ ಒಳಗೆ ಬರುವಷ್ಟರಲ್ಲಿ ಅದು 21ರ ಆಸುಪಾಸಿಗೆ ಇಳಿಯುತ್ತದೆ, ಅದೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಕೊಳೆ, ತಪ್ಪು ಭಾರ, ಸವೆತ ಎಲ್ಲವೂ ಮೊದಲು ಗೊತ್ತಾಗುವುದು ಅಲ್ಲೇ.

ಎಡಗಡೆ ಸ್ಪೀಕರ್ ಕಥೆ ಬೇರೆ. ಆಂಪ್ ಆಫ್ ಮಾಡಿ, ಕಾರ್ಟ್ರಿಡ್ಜ್ ಹಿಂದಿನ ನಾಲ್ಕು ವೈರ್ ನೋಡಿ. ಬಿಳಿ, ನೀಲಿ ಎಡಕ್ಕೆ. ಕೆಂಪು, ಹಸಿರು ಬಲಕ್ಕೆ. ವೈರ್ ಹಿಡಿದು ಎಳೆಯದೆ ಕ್ಲಿಪ್ಪನ್ನೇ ಚಿಮಟದಲ್ಲಿ ಹಿಡಿದು ತೆಗೆದು ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೋಗದಿದ್ದರೆ ಎರಡು ಜೋಡಿಗಳನ್ನು ಅದಲುಬದಲು ಮಾಡಿ. ತೊಂದರೆ ಬಲಕ್ಕೆ ಹೋದರೆ ದೋಷ ಕಾರ್ಟ್ರಿಡ್ಜ್‌ನದು, ಎಡದಲ್ಲೇ ಉಳಿದರೆ ವೈರ್ ಅಥವಾ ಆಂಪ್‌ನದು.

ಇನ್ನೊಬ್ಬರು: ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಗಂಟೆಯ ಲೆಕ್ಕ ಮರೆಯಬೇಡಿ. ನಿಮ್ಮದರಂಥ ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಮುಳ್ಳಿಗೆ ಕಂಪನಿಯೇ ಹೇಳುವುದು ಸುಮಾರು 300 ಗಂಟೆ. ದಿನಕ್ಕೊಂದು ಎಲ್‌ಪಿ ಹಾಕಿದರೂ ಒಂದೂಕಾಲು ವರ್ಷಕ್ಕೆ ಮುಗಿಯಿತು. ತೊಳೆದ ಒಳ್ಳೆ ರೆಕಾರ್ಡಿನಲ್ಲೂ ಚರಚರ ಉಳಿದರೆ ಮುಳ್ಳು ಸವೆದಿದೆ, ಬದಲಿಸಿ, ಯಾಕೆಂದರೆ ಸವೆದ ವಜ್ರದ ಅಂಚು ಗೆರೆಯನ್ನೇ ಕೆರೆಯುತ್ತದೆ, ಕೆರೆದ ರೆಕಾರ್ಡ್ ಮತ್ತೆ ಸರಿಯಾಗುವುದಿಲ್ಲ. ಇಡೀ ಕಾರ್ಟ್ರಿಡ್ಜ್ ಬೇಡ, ಮುಳ್ಳಷ್ಟೇ ಸಾಕು. ಮನೆಯಲ್ಲಿ ಹಳೆ ನಾಟಕದ ಹಾಡಿನ 78 ಪ್ಲೇಟುಗಳು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ರೆಕಾರ್ಡುಗಳು) ಇದ್ದರೆ ಈ ಮುಳ್ಳಿನಲ್ಲಿ ಹಾಕಬೇಡಿ. ಅವುಗಳ ಗೆರೆ ತುಂಬ ಅಗಲ, ಅದಕ್ಕೆ ದಪ್ಪ ತುದಿಯ ಮುಳ್ಳು ಬೇರೆಯೇ ಸಿಗುತ್ತದೆ, ಇದೇ ಕಾರ್ಟ್ರಿಡ್ಜ್‌ಗೆ ಕೂರುತ್ತದೆ. ಭಾರ ಮಾತ್ರ ಹೊಸದಾಗಿ ಹೊಂದಿಸಬೇಕು.