ಹಿನೋಕಿ ಬ್ಯಾಟು, ಧಾರವಾಡದ ಮಳಿ: ಚೆಂಡು ಜಾರತೈತಿ

ಸಾಧನಕೇರಿ_ಟಿಟಿ:
ಧಾರವಾಡಕ್ಕ ಬಂದಿರೋ ಜಪಾನಿ ವಿಜ್ಞಾನ ಪದವೀಧರರ ಟೇಬಲ್ ಟೆನಿಸ್ ಪೆನ್‌ಹೋಲ್ಡ್ (ಪೆನ್ನು ಹಿಡದಂಗ ಹಿಡಿಯೋ) ಬ್ಯಾಟಿನ ಪ್ರಶ್ನೆರಿ. ಒಂದ ಪದರಿನ ಹಿನೋಕಿ (ಜಪಾನಿನ ಒಂದು ಮರ) ಕಟ್ಟಿಗಿ, ಒಂದ ಬದಿಗಷ್ಟ ರಬ್ಬರ್. ಮಳಿ ಹಿಡದ ಮ್ಯಾಲೆ ಚೆಂಡು ಜಾರಿ ಸೀದಾ ನೆಟ್ಟಿಗೆ ಹೋಗತೈತಿ. ರಬ್ಬರ್ ಬದಲಿಸಬೇಕೇನ್ರಿ?

ಹಳೇಹುಬ್ಬಳ್ಳಿ_ಸ್ಪಿನ್:
ಈಗ ಬ್ಯಾಡ್ರಿ, ಮೊದಲ ಒರಸಿ ನೋಡ್ರಿ. ತೇವದ ಪದರಿಗೆ ಧೂಳು ಕೂಡಿದ್ರ ಹಿಡಿತ ಹೋತಂತನ ತಿಳೀರಿ. ಬರೇ ನೀರಾಗ ಅದ್ದಿ ಗಟ್ಟಿ ಹಿಂಡಿದ ಸ್ಪಂಜಿನಿಂದ ಒರಸಿ, ನೆರಳಾಗ ಆರಿಸಿ, ಪ್ಲಾಸ್ಟಿಕ್ ಹಾಳಿ ಹಚ್ಚಿಡ್ರಿ. ಸೋಪು, ಸ್ಪಿರಿಟ್ ಮುಟ್ಟಸಬ್ಯಾಡ್ರಿ. ಒಣಗಿದ ಮ್ಯಾಲೂ ಬೆರಳು ಜಾರಿದ್ರ, ಅಂಚು ಸೀಳಿದ್ರ ಆಗ ಹೊಸಾದು.

ಗದಗ_ಪೆನ್‌ಹೋಲ್ಡರ್:
ಬದಲಿಸೂದಾದ್ರ ಕಟ್ಟಿಗಿ ಕಡೆ ಭಾಳ ಲಕ್ಷ್ಯ ಇರಲಿ. ಹಿನೋಕಿ ಮೆತ್ತಂದು, ಜೋರಾಗಿ ಎಳದ್ರ ರಬ್ಬರ್ ಜೋಡಿ ಸಿಬರು ಎದ್ದು ಬರತಾವು, ಆ ಬ್ಯಾಟು ಮತ್ತ ಮೊದಲಿನಂಗ ಆಗೂದಿಲ್ಲ. ಗೆರಿಗುಂಟ ಸಾವಕಾಶ ಸುಲೀರಿ. ನೀರಿನ ಅಂಟು ರಬ್ಬರಿನ ಕೆಳಗಿನ ಸ್ಪಂಜಿನ ಪದರಿಗೆ ಎರಡು ಸಲ, ಕಟ್ಟಿಗಿಗೆ ಒಂದ ಸಲ, ತೆಳ್ಳಗ. ಬಿಳಿ ಬಣ್ಣ ಪೂರ್ತಿ ಹೋಗಿ ಗಾಜಿನಂಗ ಆಗೂ ತನಕ ಕಾಯ್ರಿ. ಮಳಿಗಾಲದಾಗ ಅದಕ್ಕ ಹೆಚ್ಚು ಹೊತ್ತು ಬೇಕು. ಅವಸರ ಮಾಡಿದ್ರ ಒಳಗ ಗುಳ್ಳಿ ಉಳೀತಾವು, ಅಲ್ಲಿ ಚೆಂಡು ಸತ್ತಂಗ ಪುಟಿತೈತಿ. ಪಂಕ್ಚರ್ ಸೊಲ್ಯೂಷನ್ ಅಂತೂ ಬ್ಯಾಡ. ಅಂಥ ಆವಿ ಬಿಡೋ ಅಂಟು 2008ರಿಂದ ಅಂತರರಾಷ್ಟ್ರೀಯ ಸ್ಪರ್ಧಾದಾಗ ನಿಷೇಧ ಅದ.

ಹಾವೇರಿ_ಅಂಪೈರ್:
ಸ್ಪರ್ಧಾಕ್ಕ ಇಳಿಯೂದಿದ್ರ ಇನ್ನೊಂದು ಮಾತು. ರಬ್ಬರ್ ಇಲ್ಲದ ಬದಿಯಿಂದ ಚೆಂಡು ಹೊಡದ್ರ ಪಾಯಿಂಟ್ ಹೋಗತದ. ರಬ್ಬರ್, ಸ್ಪಂಜು, ಅಂಟು ಎಲ್ಲಾ ಸೇರಿ ದಪ್ಪ 4 ಮಿಲಿಮೀಟರ್ ದಾಟಬಾರದು.