ಮಾತ್ರೆ ತಗೊಂಡರೂ ಹೊಸ್ತಿಲ ಹತ್ತಿರ ಅಪ್ಪನ ಕಾಲು ಏಳಲ್ಲ, ಏನು ಮಾಡೋದು?

ಅರಸೀಕೆರೆ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ, ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಮೈ ಬಿಗಿದು ನಡಿಗೆ ನಿಧಾನವಾಗೋ ಮಿದುಳಿನ ಕಾಯಿಲೆ ಪಾರ್ಕಿನ್ಸನ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯಿತು. ಸಿಂಡೋಪಾ 110 ಅನ್ನೋ ಮಾತ್ರೆ ದಿನಕ್ಕೆ ಮೂರು ಸಲ ಕೊಡುತ್ತಿದ್ದೇವೆ. ಕೈ ನಡುಕ ಅಷ್ಟೇನೂ ಇಲ್ಲ. ಹಾಲ್‌ನಲ್ಲಿ ಚೆನ್ನಾಗಿಯೇ ನಡೆದು ಬರುತ್ತಾರೆ, ಬಚ್ಚಲಮನೆ ಹೊಸ್ತಿಲ ಹತ್ತಿರ ಬಂದ ಕೂಡಲೇ ಎರಡೂ ಕಾಲು ನೆಲ ಕಚ್ಚಿಕೊಂಡು ನಿಂತುಬಿಡುತ್ತವೆ. ಮೈ ಮುಂದಕ್ಕೆ ಬಾಗುತ್ತದೆ, ಹಿಮ್ಮಡಿ ಎದ್ದು ನಡುಗುತ್ತದೆ, ಹೆಜ್ಜೆ ಮಾತ್ರ ಬರಲ್ಲ. ಅಮ್ಮ ಗಾಬರಿಯಲ್ಲಿ ಕೈ ಹಿಡಿದು ಎಳೆಯುತ್ತಾರೆ, ಹೋದ ವಾರ ಇಬ್ಬರೂ ಬೀಳೋದು ಸ್ವಲ್ಪದರಲ್ಲಿ ತಪ್ಪಿತು.

ಇನ್ನೊಂದು ವಿಷಯ, ಮಾತ್ರೆ ಕೆಲವು ದಿನ ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವು ದಿನ ಏನೂ ಇಲ್ಲ. ಬೆಳಗ್ಗೆ ಕಾಫಿ ಜೊತೆ ಒಂದು, ಮಧ್ಯಾಹ್ನ ಊಟ ಆದ ಕೂಡಲೇ ಒಂದು, ರಾತ್ರಿ ಊಟದ ಮೇಲೆ ಒಂದು. ಡಾಕ್ಟರ್ ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸುತ್ತಾರೆ, ಕೇಳೋಕೆ ಟೈಮೇ ಸಿಗಲ್ಲ. ಪಕ್ಕದ ಮನೆಯವರು ಮಾತ್ರೆ ಬಿಟ್ಟು ನಸುಗುನ್ನಿ ಬೀಜದ ಪುಡಿ ಕೊಡಿ ಅಂತ ಹಿಂದೆ ಬಿದ್ದಿದ್ದಾರೆ. ಕೊಡಬಹುದಾ?

ತೀರ್ಥಹಳ್ಳಿ ಅಕ್ಕ

ಮೊದಲು ಆ ಕಾಫಿಯಿಂದ ಮಾತ್ರೆಯನ್ನು ಬಿಡಿಸಮ್ಮ. ನಮ್ಮ ಯಜಮಾನರಿಗೂ ಇದೇ ಕಾಯಿಲೆ, ಅವರ ನರರೋಗ ಡಾಕ್ಟರ್ ಮೊದಲನೇ ದಿನವೇ ಹೇಳಿದ್ದು ಇದು. ಸಿಂಡೋಪಾದಲ್ಲಿರೋದು ಲೆವೊಡೋಪಾ ಮತ್ತು ಕಾರ್ಬಿಡೋಪಾ. ಈ ಲೆವೊಡೋಪಾ ಸಣ್ಣ ಕರುಳಲ್ಲಿ ರಕ್ತಕ್ಕೆ ಸೇರಬೇಕು, ಅಲ್ಲಿಂದ ಮಿದುಳಿಗೆ ಹೋಗಬೇಕು. ಹಾಲು, ಮೊಸರು, ಬೇಳೆ, ಮೊಟ್ಟೆಯಲ್ಲಿರೋ ಪ್ರೋಟೀನ್ ಕರಗಿ ಬರೋದೂ ಅದೇ ದಾರಿಯಲ್ಲಿ, ಹಾಗಾಗಿ ಎರಡಕ್ಕೂ ನೂಕುನುಗ್ಗಲು. ಸಾಲದ್ದಕ್ಕೆ ಈ ಕಾಯಿಲೆಯಲ್ಲಿ ಹೊಟ್ಟೆಯೂ ನಿಧಾನ. ಊಟ ಆದ ಮೇಲೆ ಕೊಟ್ಟ ಮಾತ್ರೆ ಅನ್ನದ ಜೊತೆ ಹೊಟ್ಟೆಯಲ್ಲೇ ಕೂತಿರುತ್ತದೆ, ಕರುಳಿಗೆ ಇಳಿಯೋದೇ ತಡ.

ತಿಂಡಿ ಊಟಕ್ಕಿಂತ ಅರ್ಧ ಗಂಟೆ ಮುಂಚೆ, ಇಲ್ಲ ಅಂದರೆ ಊಟ ಆಗಿ ಒಂದು ಗಂಟೆ ಬಿಟ್ಟು, ಒಂದು ಲೋಟ ನೀರಿನ ಜೊತೆ ಕೊಡಿ. ಹೊಟ್ಟೆ ತೊಳಸಿದರೆ ಒಂದು ಹಿಡಿ ಮಂಡಕ್ಕಿ ಸಾಕು. ಹಾಗಂತ ಬೇಳೆ, ಮೊಸರು ನಿಲ್ಲಿಸಿಬಿಡಬೇಡಿ, ಮೊದಲೇ ತೂಕ ಇಳಿಯೋ ಕಾಯಿಲೆ ಇದು. ಡಾಕ್ಟರನ್ನು ಕೇಳಿ ಬೇಕಿದ್ದರೆ ಅದರಲ್ಲಿ ಜಾಸ್ತಿ ಭಾಗ ರಾತ್ರಿ ಊಟಕ್ಕೆ ಹಾಕಿಕೊಳ್ಳಬಹುದು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಏನಾದರೂ ಕೊಡುತ್ತಿದ್ದರೆ ಅದಕ್ಕೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಮಲಬದ್ಧತೆ ಇದ್ದರೆ ಅದನ್ನೂ ಸುಮ್ನೆ ಬಿಡಬೇಡಿ, ಹೊಟ್ಟೆ ಕಟ್ಟಿದ ದಿನ ನಮ್ಮವರಿಗೆ ಮಾತ್ರೆ ಕೆಲಸ ಮಾಡೋದು ಅಷ್ಟಕ್ಕಷ್ಟೇ.

ಐದು ನಿಮಿಷದ ಡಾಕ್ಟರ್‌ಗೆ ಒಂದು ಉಪಾಯ ಇದೆ. ಒಂದು ವಾರ ಹಳೇ ನೋಟ್‌ಬುಕ್‌ನಲ್ಲಿ ಮಾತ್ರೆ ಕೊಟ್ಟ ಟೈಮು, ಮೈ ಸಡಿಲ ಆದ ಟೈಮು, ಮತ್ತೆ ಬಿಗಿದ ಟೈಮು, ಊಟದ ಟೈಮು ಇಷ್ಟೇ ಬರೆಯಿರಿ. ಅದನ್ನು ಮುಂದಿಟ್ಟರೆ ಐದು ನಿಮಿಷ ಸಾಕು. ಪ್ರಮಾಣ ಮಾತ್ರ ನೀವೇ ಏರಿಸೋದು, ಇಳಿಸೋದು ಬೇಡ.

ಮೈಸೂರು ಫಿಸಿಯೋ

ಕಾಲು ಕಚ್ಚಿಕೊಂಡಾಗ ಎಳೆಯಲೇಬಾರದು. ಕೈ ಎಳೆದರೆ ಮೈ ಮುಂದೆ ಹೋಗುತ್ತದೆ, ಕಾಲು ಹಿಂದೆಯೇ ಉಳಿಯುತ್ತದೆ, ಬೀಳೋದು ಹಾಗೆಯೇ. ಅಮ್ಮ ಪಕ್ಕದಲ್ಲಿ ನಿಂತು "ನಿಂತ್ಕೊಳ್ಳಿ, ಅವಸರ ಇಲ್ಲ" ಅನ್ನಲಿ. ಅಪ್ಪ ನೆಟ್ಟಗೆ ನಿಂತು ಭಾರವನ್ನು ಎಡಗಾಲಿಗೆ, ಬಲಗಾಲಿಗೆ ಎರಡು ಮೂರು ಸಲ ತೂಗಿ, ಆಮೇಲೆ ಒಂದು ದೊಡ್ಡ ಹೆಜ್ಜೆ ಹಾಕಲಿ.

ತಮಾಷೆ ಅಂದರೆ ಸಪಾಟು ನೆಲದಲ್ಲಿ ಏಳದ ಕಾಲು ಮೆಟ್ಟಿಲಲ್ಲಿ ಎಷ್ಟೋ ಜನರಿಗೆ ಸಲೀಸಾಗಿ ಏಳುತ್ತದೆ. ತಾನಾಗಿ ಆಗಬೇಕಾದ ನಡಿಗೆ ಕೆಟ್ಟಿದೆ, ಕಣ್ಣಿಗೆ ಗುರಿ ಕಂಡರೆ ಮಿದುಳು ಬೇರೆ ದಾರಿ ಹಿಡಿಯುತ್ತದೆ. ಅದಕ್ಕೇ ಹೊಸ್ತಿಲಿಗಿಂತ ಸ್ವಲ್ಪ ಹಿಂದಿನಿಂದ ಶುರು ಮಾಡಿ ಒಂದೊಂದು ಹೆಜ್ಜೆ ದೂರಕ್ಕೆ ನೆಲಕ್ಕೆ ಅಡ್ಡಡ್ಡ ಬಣ್ಣದ ಟೇಪ್ ಅಂಟಿಸಿ. ಪ್ರತಿ ಪಟ್ಟಿ ದಾಟಿ ಕಾಲಿಡಬೇಕು. ತಾಳವೂ ಹಾಗೇ ನೆರವಾಗುತ್ತದೆ. ಮೇಷ್ಟ್ರು ಅಂದಿರಲ್ಲ, ಡ್ರಿಲ್ ಪೀರಿಯಡ್‌ನ "ಎಡ, ಬಲ, ಎಡ, ಬಲ" ಜೋರಾಗಿ ಅವರೇ ಹೇಳಲಿ, ಈ ಕಾಯಿಲೆಯಲ್ಲಿ ಮೆತ್ತಗಾಗೋ ದನಿಗೂ ವ್ಯಾಯಾಮ.

ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗಬಾರದು, ಅಗಲವಾಗಿ ಸುತ್ತಿಕೊಂಡು ಬರಲಿ. ನಡೆಯುವಾಗ ಕೈಯಲ್ಲಿ ಕಾಫಿ ಲೋಟ ಬೇಡ, ಮಾತೂ ಬೇಡ. ಬಚ್ಚಲ ಮುಂದಿನ ಕಾಲೊರೆಸು ಇವತ್ತೇ ತೆಗೆಯಿರಿ, ಒಳಗೆ ಗೋಡೆಗೆ ಹಿಡಿ ಹಾಕಿಸಿ, ಸ್ನಾನಕ್ಕೆ ಸ್ಟೂಲ್ ಇಡಿ.

ಧಾರವಾಡ ಅಜ್ಜ

ನಾನೇ ಪೇಶಂಟ್ ರೀ, ಹಾಗಾಗಿ ಒಳಗಿನಿಂದ ಹೇಳುತ್ತೇನೆ. ನಸುಗುನ್ನಿಯಲ್ಲಿ ಇರೋದೂ ಲೆವೊಡೋಪಾನೇ. ಅದಕ್ಕೇ ಅದು ಸುಳ್ಳು ಔಷಧಿ ಅಲ್ಲ, ಅದಕ್ಕೇ ಅಪಾಯ ಕೂಡ. ಪುಡಿಯಲ್ಲಿ ಎಷ್ಟಿದೆ ಅಂತ ಯಾರಿಗೆ ಗೊತ್ತು? ಮಾತ್ರೆ ಮೇಲೆ ಅದನ್ನೂ ಕೊಟ್ಟರೆ ಮೈ ಕೈ ತಾನಾಗಿ ಕುಣಿಯೋಕೆ ಶುರುವಾಗಬಹುದು, ಬಿಪಿ ಇಳಿಯಬಹುದು, ಇಲ್ಲದ್ದು ಕಾಣಬಹುದು. ಮಾತ್ರೆ ಏಕಾಏಕಿ ನಿಲ್ಲಿಸೋದಂತೂ ಜೀವಕ್ಕೇ ಅಪಾಯ, ಮೈಯೆಲ್ಲ ಬಿಗಿದು ಜ್ವರ ಏರಿ ಐಸಿಯು ತನಕ ಹೋಗಬಹುದು. ಪಕ್ಕದ ಮನೆಯವರಿಗೆ ಕೈ ಮುಗಿದು ಕಳಿಸಿ.

ಇನ್ನು ನಿಮ್ಮ ಅಪ್ಪ ಸಿಟ್ಟಾಗಿದ್ದಾರೆ ಅಂತ ಅನಿಸುತ್ತಾ? ಸಿಟ್ಟಲ್ಲ ರೀ, ಮುಖದ ಸ್ನಾಯು ಬಿಗಿದಿರುತ್ತದೆ. ನಾನು ನಗುತ್ತಿದ್ದೇನೆ ಅಂದುಕೊಂಡಿರುತ್ತೇನೆ, ಮೊಮ್ಮಗಳು "ಅಜ್ಜಾ ಯಾಕ ಬೈತಿ" ಅಂತಾಳೆ! ಅಂಗಡಿಗೆ ಹೋದರೆ ನಾನು ಕೇಳಿದ್ದಕ್ಕೆ ಉತ್ತರ ನನ್ನ ಹೆಂಡತಿಗೆ ಕೊಡುತ್ತಾರೆ. ಅದು ನಡುಕಕ್ಕಿಂತ ಜಾಸ್ತಿ ನೋಯಿಸುತ್ತದೆ. ಅಂಗಿ ಗುಂಡಿ ಹಾಕಿಕೊಳ್ಳೋಕೆ ಹತ್ತು ನಿಮಿಷ ಆಗಲಿ, ಅವರೇ ಹಾಕಿಕೊಳ್ಳಲಿ, ಕೇಳಿದಾಗ ಮಾತ್ರ ಕೈ ಹಾಕಿ. ಬೆಳಗ್ಗೆ ಹಾಸಿಗೆಯಿಂದ ದಡಕ್ಕನೆ ಏಳಬಾರದು, ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು ಏಳಲಿ. ನಮ್ಮ ಕಡೆ ಒಣ ರೊಟ್ಟಿ, ನಿಮ್ಮ ಕಡೆ ಮುದ್ದೆ. ಅಗಿಯದೆ ನುಂಗೋ ಮುದ್ದೆ ಈ ಕಾಯಿಲೆಗೆ ಭಯ ರೀ, ಊಟದಲ್ಲಿ ಕೆಮ್ಮು ಬರುತ್ತಿದ್ದರೆ ಡಾಕ್ಟರ್‌ಗೆ ಹೇಳಿ.

ಅರಸೀಕೆರೆ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಮಾತ್ರೆ ಈಗ ಆರು ಗಂಟೆಗೆ ಬರೀ ನೀರಿನ ಜೊತೆ, ಕಾಫಿ ಏಳಕ್ಕೆ. ಅಪ್ಪ ಗೊಣಗುತ್ತಾರೆ, ಆದರೆ ಪೇಪರ್ ತರೋಕೆ ಗೇಟಿನ ತನಕ ತಾವೇ ಹೋಗುತ್ತಿದ್ದಾರೆ. ಟೇಪ್ ಹಳದಿ ಹಾಕಿದ್ದೇವೆ. ಮಧ್ಯಾಹ್ನದ ಹೊತ್ತು ಇನ್ನೂ ಕಷ್ಟವೇ, ನೋಟ್‌ಬುಕ್ ತಗೊಂಡು ಸೋಮವಾರ ಹೋಗುತ್ತೇವೆ. ಖಾಲಿ ಹೊಟ್ಟೆಗೆ ಕೊಟ್ಟರೆ ಒಮ್ಮೊಮ್ಮೆ ವಾಂತಿ ಬರುವ ಹಾಗಾಗುತ್ತದೆ, ಮೆಡಿಕಲ್ ಶಾಪ್‌ನಲ್ಲಿ ಏನಾದರೂ ಕೇಳಿ ತರಲಾ?

ತೀರ್ಥಹಳ್ಳಿ ಅಕ್ಕ

ಬೇಡವೇ ಬೇಡ! ವಾಂತಿಗೆ ಕೊಡೋ ಪೆರಿನಾರ್ಮ್, ಸ್ಟೆಮೆಟಿಲ್, ತಲೆಸುತ್ತಿಗೆ ಕೊಡೋ ಸ್ಟುಜೆರಾನ್ ಇವೆಲ್ಲ, ಲೆವೊಡೋಪಾದಿಂದ ಮಿದುಳಲ್ಲಿ ತಯಾರಾಗಿ ಮೈ ಆಡಿಸೋ ಡೋಪಮೈನ್‌ಗೆ ಅಡ್ಡ ಬಂದು ಕಾಯಿಲೆಯನ್ನು ಇನ್ನೂ ಕೆಡಿಸುತ್ತವೆ. ಸದ್ಯಕ್ಕೆ ಮಂಡಕ್ಕಿ ಕೊಡಿ, ಸೋಮವಾರ ಡಾಕ್ಟರನ್ನೇ ಕೇಳಿ. ಆ ಮೂರು ಹೆಸರನ್ನು ಚೀಟಿಯಲ್ಲಿ ಬರೆದು ಅಪ್ಪನ ಫೈಲಿಗೆ ಪಿನ್ ಮಾಡಿ, ಬೇರೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ತೋರಿಸಿ. ಹಾಗೇ 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿಬಿಡಿ.