ಅಪ್ಪನನ್ನು ಹಾಸ್ಪೈಸ್‌ಗೆ ಸೇರಿಸುತ್ತಿದ್ದೇವೆ: ನಾವು ಏನು ಸಿದ್ಧಮಾಡಿಕೊಳ್ಳಬೇಕು, ನೋಡಲು ಬರುವವರಿಗೆ ಏನು ಹೇಳಬೇಕು?

ಪ್ರಶ್ನೆ: ತಿಪಟೂರಿನ ಮಗ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 71 ವರ್ಷ. ಅನ್ನನಾಳದ ಕ್ಯಾನ್ಸರ್ ಈಗ ಯಕೃತ್ತಿಗೂ ಹರಡಿದೆ. ಇನ್ನು ಮುಂದೆ ಕಿಮೋಥೆರಪಿ ಕೊಟ್ಟರೆ ಪ್ರಯೋಜನಕ್ಕಿಂತ ಹಿಂಸೆಯೇ ಹೆಚ್ಚು ಎಂದು ವೈದ್ಯರು ತಿಳಿಸಿ, ಗುಣವಾಗದ ಹಂತದ ರೋಗಿಗಳನ್ನು ನೋವು ತಗ್ಗಿಸಿ ನೋಡಿಕೊಳ್ಳುವ ಕೇಂದ್ರವಾದ ಹಾಸ್ಪೈಸ್‌ಗೆ ಸೇರಿಸಲು ಪತ್ರ ಬರೆದುಕೊಟ್ಟಿದ್ದಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ವಿಚಾರಿಸಬೇಕೆಂದುಕೊಂಡಿದ್ದೇವೆ. ಅಮ್ಮ ಮತ್ತು ನಾನು ಸರದಿಯಂತೆ ಜೊತೆಯಲ್ಲಿರಬಹುದು.

ಸೇರಿಸುವಾಗ ಯಾವ ಕಾಗದಪತ್ರಗಳು ಬೇಕಾಗುತ್ತವೆ, ಖರ್ಚು ಎಷ್ಟು ಬರಬಹುದು ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು ಬಂಧುಗಳದ್ದು. ದೊಡ್ಡಪ್ಪ, ಇಬ್ಬರು ಸೋದರತ್ತೆಯರು ಮತ್ತು ಬೀಗರ ಕಡೆಯವರು ಒಂದು ವ್ಯಾನ್ ಮಾಡಿಕೊಂಡು ಒಟ್ಟಿಗೇ ಬರುತ್ತೇವೆ ಎನ್ನುತ್ತಿದ್ದಾರೆ. ಬೇಡವೆಂದರೆ ಬೇಸರವಾಗುತ್ತದೆ, ಬಂದರೆ ಅಪ್ಪನಿಗೆ ಆಯಾಸವಾಗುತ್ತದೆ. ನೋವು ತಗ್ಗಿಸುವ ಮಾರ್ಫಿನ್ ಔಷಧಿ ಕೊಡಿಸಬೇಡ, ಕೊಡಿಸಿದರೆ ಬೇಗ ಹೋಗಿಬಿಡುತ್ತಾನೆ ಎಂದು ದೊಡ್ಡಪ್ಪ ಫೋನಿನಲ್ಲಿ ಹೇಳಿದ್ದು ಅಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಏಳು ವರ್ಷದ ನನ್ನ ಮಗಳನ್ನು ಅಲ್ಲಿಗೆ ಕರೆದೊಯ್ಯಬಹುದೇ ಎಂಬುದೂ ತಿಳಿಯದಾಗಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ವಾರ್ಡಿನ ಶುಶ್ರೂಷಕಿ

ಕ್ಯಾನ್ಸರ್ ರೋಗಿಗಳ ಉಪಶಾಮಕ ಆರೈಕೆಯಲ್ಲಿ, ಅಂದರೆ ನೋವು ಮತ್ತು ಹಿಂಸೆಯನ್ನು ತಗ್ಗಿಸುವ ಆರೈಕೆಯಲ್ಲಿ, ಬಹಳ ಕಾಲದಿಂದ ಕೆಲಸ ಮಾಡುತ್ತಿರುವುದರಿಂದ ನನಗೆ ತಿಳಿದಿರುವುದನ್ನು ಬರೆಯುತ್ತಿದ್ದೇನೆ.

ಖರ್ಚಿನ ಚಿಂತೆಯನ್ನು ಮೊದಲು ಬಿಡಿ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸಂಸ್ಥೆ ಸೇರಿ 1994ರಲ್ಲಿ ಸ್ಥಾಪಿಸಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಕರುಣಾಶ್ರಯವನ್ನು ನಡೆಸುತ್ತಿದೆ. ಮಾರತ್‌ಹಳ್ಳಿ ಬಳಿಯ ಕಟ್ಟಡದಲ್ಲಿ 1999ರಿಂದ ರೋಗಿಗಳನ್ನು ಇರಿಸಿಕೊಂಡು ನೋಡಿಕೊಳ್ಳಲಾಗುತ್ತಿದೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿನ ಆರೈಕೆ ಉಚಿತ, ಮನೆಗೆ ಬಂದು ನೋಡುವ ತಂಡವೂ ಇದೆ. ಅಲ್ಲಿ ಕಿಮೋಥೆರಪಿಯಾಗಲಿ ವೆಂಟಿಲೇಟರ್ ಆಗಲಿ ಇರುವುದಿಲ್ಲ ಎಂಬುದನ್ನು ಮಾತ್ರ ಮನೆಯವರೆಲ್ಲರೂ ಸೇರಿಸುವ ಮೊದಲೇ ಒಪ್ಪಿಕೊಂಡಿರಬೇಕು. ನಡುರಾತ್ರಿ ಉಸಿರಾಟದಲ್ಲಿ ಏರುಪೇರಾದಾಗ ಅಣ್ಣತಮ್ಮಂದಿರಲ್ಲಿ ಒಬ್ಬರು ಐಸಿಯುಗೆ ಕರೆದೊಯ್ಯೋಣವೆಂದೂ ಇನ್ನೊಬ್ಬರು ಬೇಡವೆಂದೂ ಹಾಸಿಗೆಯ ಪಕ್ಕದಲ್ಲೇ ವಾದಿಸುವುದನ್ನು ನಾವು ಪದೇ ಪದೇ ನೋಡುತ್ತೇವೆ. ಆ ಮಾತುಕತೆ ಈಗಲೇ, ಮನೆಯಲ್ಲೇ ಮುಗಿದಿರಲಿ.

ಯಾವ ಹಾಸ್ಪೈಸ್‌ಗೆ ಹೋದರೂ ವೈದ್ಯರ ಪತ್ರದ ಜೊತೆಗೆ ಬಯಾಪ್ಸಿ ವರದಿ, ಇತ್ತೀಚಿನ ಸ್ಕ್ಯಾನ್, ಡಿಸ್ಚಾರ್ಜ್ ಸಾರಾಂಶ, ರೋಗಿಯ ಮತ್ತು ಜೊತೆಗಿರುವವರ ಆಧಾರ್ ಪ್ರತಿಗಳನ್ನು ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳನ್ನು, ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳೂ ಸೇರಿದಂತೆ, ಚೀಟಿಯ ಸಮೇತ ಒಂದು ಚೀಲದಲ್ಲಿ ಹಾಕಿ ತನ್ನಿ. ಹಾಸಿಗೆ ಖಾಲಿ ಇದೆಯೇ, ಜೊತೆಯಲ್ಲಿ ಎಷ್ಟು ಜನ ಉಳಿಯಬಹುದು, ಭೇಟಿಯ ಸಮಯ ಯಾವುದು ಎಂಬುದನ್ನು ಆ್ಯಂಬುಲೆನ್ಸ್ ಹತ್ತಿಸುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಬಟ್ಟೆಯ ವಿಷಯದಲ್ಲಿ ಹೇಳುವುದಾದರೆ, ಮುಂದೆ ಗುಂಡಿ ಇರುವ ಸಡಿಲವಾದ ಹತ್ತಿಯ ಅಂಗಿ ಮತ್ತು ಹಳೆಯ, ಮೆತ್ತಗಾದ ಪಂಚೆ ಸಾಕು. ತಲೆಯ ಮೇಲಿಂದ ಹಾಕುವ ಬನಿಯನ್ ಬೇಡ. ನೋವಿರುವವರ ಕೈಯೆತ್ತಿಸಿ ಅದನ್ನು ತೊಡಿಸುವುದೇ ಒಂದು ಶಿಕ್ಷೆ.

ಬಂಧುಗಳು ಬರಲಿ, ಆದರೆ ಎಲ್ಲರೂ ಒಟ್ಟಿಗೆ ಹಾಸಿಗೆಯನ್ನು ಸುತ್ತುವರಿಯುವುದು ಬೇಡ. ಇಬ್ಬಿಬ್ಬರಾಗಿ ಒಳಗೆ ಹೋಗಿ ಹತ್ತು ನಿಮಿಷ ಕೂತು ಬರಲಿ. ಉಳಿದವರು ಹೊರಗೆ ಅಮ್ಮನ ಜೊತೆ ಕೂರಲಿ, ಅವರಿಗೂ ಮಾತಿನ ಆಸರೆ ಬೇಕಿರುತ್ತದೆ. ಕೆಮ್ಮು, ನೆಗಡಿ, ಜ್ವರ ಇರುವವರು ಅಂದು ಬರುವುದೇ ಬೇಡ. ಒಳಗೆ ಹೋಗುವಾಗಲೂ ಹೊರಗೆ ಬಂದ ಮೇಲೂ ಸೋಪು ಹಚ್ಚಿ ಕೈ ತೊಳೆಯಬೇಕು. ತಲೆಯ ಹತ್ತಿರ ನಿಂತು ಮೇಲಿನಿಂದ ಮಾತನಾಡದೆ, ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂತು ಮಾತನಾಡಬೇಕು. ‘ನಾನ್ಯಾರು ಗೊತ್ತಾಯ್ತಾ?’ ಎಂದು ಪರೀಕ್ಷೆ ಮಾಡುವುದು ನಮ್ಮಲ್ಲಿ ಬಹಳ ರೂಢಿ. ಗೊತ್ತಾಗದಿದ್ದರೆ ರೋಗಿಗೆ ಸಂಕೋಚ, ಬಂದವರಿಗೆ ಅಳು. ಅದರ ಬದಲು ‘ನಾನು ನಿನ್ನ ತಂಗಿ, ಊರಿಂದ ಬಂದಿದ್ದೀನಿ’ ಎಂದು ತಾವೇ ಹೇಳಿದರೆ ಆಯಿತು. ಎಷ್ಟು ಸೊರಗಿ ಹೋಗಿದ್ದಾನೆ, ಯಾವ ಊರಿನ ಆಯುರ್ವೇದ ತೋರಿಸಬೇಕಿತ್ತು, ಮೊದಲೇ ಗೊತ್ತಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಮಾತುಗಳು ಹಾಸಿಗೆಯ ಬಳಿ ಬೇಡವೆಂದು ಕಟ್ಟುನಿಟ್ಟಾಗಿ ಹೇಳಿ. ಈ ವರ್ಷ ಕೊಬ್ಬರಿಯ ಧಾರಣೆ ಏನಿದೆ, ಯಾರ ತೋಟಕ್ಕೆ ನೀರು ಬಂತು ಎಂಬ ಮಾತುಗಳಿಗೆ ನಿಮ್ಮ ತಂದೆಯವರು ಕಿವಿಗೊಟ್ಟು ಕೇಳುವ ಸಾಧ್ಯತೆ ಹೆಚ್ಚು.

ಬಂದವರು ಮುಜುಗರಪಡುತ್ತಾರೆಂದು ಅಂಜಬೇಡಿ. ‘ಸಾಕು ಅಪ್ಪಯ್ಯ, ಅವರು ಮಲಗಲಿ’ ಎಂದು ಎಬ್ಬಿಸಿ ಕಳುಹಿಸುವ ಕೆಲಸವನ್ನು ವಾರ್ಡಿನ ಸಿಸ್ಟರ್‌ಗೆ ವಹಿಸಿದರೆ, ನಿಮ್ಮ ಮೇಲೆ ಯಾರ ಮುನಿಸೂ ಬರುವುದಿಲ್ಲ. ನಾವು ಅದನ್ನು ಸಂತೋಷದಿಂದಲೇ ಮಾಡುತ್ತೇವೆ.

ಉತ್ತರ: ಉಪಶಾಮಕ ವೈದ್ಯ

ಮಾರ್ಫಿನ್ ಬಗ್ಗೆ ನಿಮ್ಮ ದೊಡ್ಡಪ್ಪನವರಿಗಿರುವ ಭಯ ರಾಜ್ಯದ ಎಲ್ಲ ಕಡೆಯೂ ಇದೆ, ಕೆಲವು ವೈದ್ಯರಲ್ಲಿಯೂ ಇದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೋವಿನ ಪ್ರಮಾಣಕ್ಕೆ ತಕ್ಕಂತೆ ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸುವ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ನೋವಿನಿಂದ ನಿದ್ದೆಗೆಟ್ಟಿದ್ದವರು ಮೊದಲ ಎರಡು ಮೂರು ದಿನ ಹೆಚ್ಚು ಮಲಗುತ್ತಾರೆ. ಅದನ್ನು ಕಂಡು ಮನೆಯವರು ಔಷಧಿಯೇ ಕೆಡಿಸಿತು ಎಂದು ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ, ನೋವು ಇಮ್ಮಡಿಯಾಗಿ ಮರಳುತ್ತದೆ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಮಾತ್ರ ಇರುವುದರಿಂದ, ನೋವು ಬಂದ ಮೇಲೆ ಕೊಡುವ ಬದಲು ಗಡಿಯಾರ ನೋಡಿಕೊಂಡು ಕೊಡಬೇಕು. ಮಲಬದ್ಧತೆ ಮಾತ್ರ ಮಾರ್ಫಿನ್ ಇರುವಷ್ಟು ದಿನವೂ ಇರುತ್ತದೆ. ಹೀಗಾಗಿ ಮಲ ಸಡಿಲಿಸುವ ಔಷಧಿಯನ್ನು ಮೊದಲ ದಿನದಿಂದಲೇ ಜೊತೆಯಲ್ಲಿ ಕೊಡುತ್ತಾರೆ, ಅದನ್ನು ಮರೆಯಬಾರದು. ನೋವಿಗಾಗಿ ತೆಗೆದುಕೊಳ್ಳುವವರಿಗೆ ಇದು ಚಟವಾಗುವುದು ಅಪರೂಪ. ಮಾದಕವಸ್ತುಗಳ ಕಾನೂನಿಗೆ 2014ರಲ್ಲಿ ತಿದ್ದುಪಡಿ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಇಂಥ ಔಷಧಿಗಳು ದೊರೆಯುವುದನ್ನು ಸುಲಭಗೊಳಿಸಲಾಗಿದೆ.

ನಿಮ್ಮ ತಂದೆಯವರಿಗೆ ನುಂಗುವುದೇ ಕಷ್ಟವಾದ್ದರಿಂದ ಒಂದು ಎಚ್ಚರಿಕೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಎಂದಿಗೂ ಪುಡಿ ಮಾಡಿ ಕೊಡಬಾರದು; ಹನ್ನೆರಡು ಗಂಟೆಯ ಔಷಧಿ ಒಮ್ಮೆಲೇ ಮೈಗೆ ಸೇರಿ ಅಪಾಯವಾಗುತ್ತದೆ. ಯಾವ ಮಾತ್ರೆಯನ್ನು ಪುಡಿ ಮಾಡಬಹುದೆಂದು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ನುಂಗಲು ಆಗದೇ ಹೋದಾಗ ಚರ್ಮದಡಿಯ ಚುಚ್ಚುಮದ್ದು ಅಥವಾ ಚರ್ಮಕ್ಕೆ ಅಂಟಿಸಿ ಮೂರು ದಿನಕ್ಕೊಮ್ಮೆ ಬದಲಿಸುವ, ಫೆಂಟನಿಲ್ ಎಂಬ ನೋವಿನ ಔಷಧಿಯ ಪಟ್ಟಿ ಬಳಸುತ್ತಾರೆ. ಆ ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಶಾಖಕ್ಕೆ ಔಷಧಿ ವೇಗವಾಗಿ ಒಳಗಿಳಿಯುತ್ತದೆ.

ಇನ್ನು ಊಟ. ನೋಡಲು ಬಂದವರು ಪ್ರೀತಿಯಿಂದ ಮಾಡುವ ದೊಡ್ಡ ತೊಂದರೆ ಇದೇ. ರಾಗಿ ಗಂಜಿ, ಎಳನೀರು, ಹಣ್ಣಿನ ರಸ ತಂದು ‘ಎರಡೇ ಗುಟುಕು’ ಎಂದು ಒತ್ತಾಯಿಸುತ್ತಾರೆ. ಅನ್ನನಾಳದಲ್ಲಿ ತಡೆ ಇರುವವರಿಗೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಈ ಹಂತದಲ್ಲಿ ಹಸಿವೆಯೂ ಬಾಯಾರಿಕೆಯೂ ತಾವಾಗಿಯೇ ತಗ್ಗುತ್ತವೆ. ರೋಗ ಬಲಿತಿರುವುದರಿಂದ ಊಟ ಕಡಿಮೆಯಾಗಿದೆಯೇ ಹೊರತು, ಊಟ ಬಿಟ್ಟದ್ದರಿಂದ ರೋಗ ಬಲಿತಿಲ್ಲ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿ, ಏಕೆಂದರೆ ತಾನು ಉಣ್ಣಿಸಲಿಲ್ಲವೆಂಬ ಕೊರಗು ಹೆಂಡತಿಯರಲ್ಲಿ ವರ್ಷಗಟ್ಟಲೆ ಉಳಿಯುವುದನ್ನು ಕಂಡಿದ್ದೇನೆ. ಕೈಯಾರೆ ಏನಾದರೂ ಮಾಡಬೇಕೆಂಬ ಹಂಬಲ ಅವರಿಗಿದ್ದರೆ ಬಾಯಿಯ ಆರೈಕೆ ಕಲಿಸಿಕೊಡಿ: ತೆಳುವಾದ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ನಾಲಿಗೆ, ಒಸಡು, ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಒರೆಸಿ, ತುಟಿಗೆ ವ್ಯಾಸಲೀನ್ ಸವರುವುದು. ಎರಡು ಗಂಟೆಗೊಮ್ಮೆ ಮಾಡಿದರೆ ಬಾಯಿ ಒಣಗುವ ಹಿಂಸೆ ಬಹುಮಟ್ಟಿಗೆ ತಗ್ಗುತ್ತದೆ.

ಉತ್ತರ: ಶೃಂಗೇರಿ ಕಡೆಯವಳು

ನಮ್ಮ ಅಮ್ಮ ಕೊನೆಯ ದಿನಗಳನ್ನು ಹಾಸ್ಪೈಸ್‌ನಲ್ಲಿ ಕಳೆದರು. ಮಕ್ಕಳ ವಿಷಯ ಕೇಳಿದ್ದೀರಿ. ಹಾಸ್ಪೈಸ್‌ನವರು ಒಪ್ಪಿದರೆ ಖಂಡಿತ ಕರೆದುಕೊಂಡು ಹೋಗಿ. ತಾತ ತೆಳ್ಳಗಾಗಿದ್ದಾರೆ, ಮೂಗಿನಲ್ಲಿ ಒಂದು ನಳಿಕೆ ಇರಬಹುದು, ಮಾತು ಸಣ್ಣಗಿರುತ್ತದೆ ಎಂದು ಹೋಗುವ ಮೊದಲೇ ಹೇಳಿಡಿ. ಅವಳಿಗೆ ಹೊರಗೆ ಹೋಗಬೇಕೆನಿಸಿದರೆ ಕೂಡಲೇ ಹೋಗಬಹುದೆಂದು ತಿಳಿಸಿ, ಅವಳ ಜೊತೆಗೆಂದೇ ಒಬ್ಬರು ಇರಲಿ. ಸಾವಿನ ಬಗ್ಗೆ ತಿಳಿಸುವಾಗ ತಾತ ಮಲಗಿಬಿಡುತ್ತಾರೆ ಎಂದು ಮಾತ್ರ ಹೇಳಬೇಡಿ. ಆಮೇಲೆ ಮಗು ಮಲಗಲು ಹೆದರುತ್ತದೆ.

ನೀವು ಕೇಳದೇ ಇರುವ ಒಂದು ವಿಷಯವನ್ನೂ ಹೇಳಬೇಕೆನಿಸಿದೆ. ನಿಮ್ಮ ತಂದೆಯವರಿಗೆ ತಮ್ಮ ಸ್ಥಿತಿ ಗೊತ್ತಿದೆಯೇ? ನಮ್ಮ ಕಡೆ ಎಲ್ಲರೂ ಸೇರಿ ರೋಗಿಯಿಂದ ಮುಚ್ಚಿಡುತ್ತೇವೆ, ರೋಗಿಗೂ ಎಲ್ಲ ಗೊತ್ತಿದ್ದು ನಮಗಾಗಿ ಮುಚ್ಚಿಡುತ್ತಾರೆ. ಅವರು ಕೇಳಿದಾಗ ಸುಳ್ಳು ಹೇಳದಿರಿ, ಕೇಳದಿದ್ದಾಗ ಹೇರದಿರಿ. ಹೇಗೆ ಮಾತು ತೆಗೆಯಬೇಕೆಂದು ತಿಳಿಯದಿದ್ದರೆ ಹಾಸ್ಪೈಸ್‌ನ ಆಪ್ತಸಮಾಲೋಚಕರು ಜೊತೆಗೆ ಕೂರುತ್ತಾರೆ. ಸ್ಪಷ್ಟವಾಗಿ ಮಾತನಾಡಿಕೊಂಡ ಮನೆಗಳಲ್ಲಿ ಜಮೀನಿನ ಪತ್ರ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕಾಗಿದೆ ಎಂಬ ವಿಷಯಗಳನ್ನು ಅವರ ಬಾಯಿಂದಲೇ ಕೇಳಿಕೊಳ್ಳುವುದಕ್ಕೆ ಆಗುತ್ತದೆ.

ಬ್ಯಾಂಕಿನ ಕೆಲಸವನ್ನೂ ಬೇಗ ಮುಗಿಸಿಕೊಳ್ಳಿ. ಖಾತೆಗಳಿಗೆ ನಾಮನಿರ್ದೇಶನ ಆಗಿದೆಯೇ ನೋಡಿ. ಕೈ ನಡುಗಿ ಸಹಿ ಮಾಡಲಾಗದವರ ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳ ಎದುರು ಸ್ವೀಕರಿಸಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ನಮ್ಮ ಊರಿನ ಶಾಖೆಯಲ್ಲಿ ಮೊದಲು ರೋಗಿಯನ್ನೇ ಕರೆತನ್ನಿ ಎಂದರು. ಲಿಖಿತವಾಗಿ ಅರ್ಜಿ ಕೊಟ್ಟ ಮೇಲೆ ಅಧಿಕಾರಿಯೊಬ್ಬರು ಬಂದು ಗುರುತು ಪಡೆದುಕೊಂಡು ಹೋದರು.

ತಿಪಟೂರಿನ ಮಗ

ಮೂವರಿಗೂ ಕೃತಜ್ಞತೆಗಳು. ದೊಡ್ಡಪ್ಪನಿಗೆ ವೈದ್ಯರ ಉತ್ತರವನ್ನು ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನೋವು ಇರಬಾರದು, ಅಷ್ಟು ನೋಡಿಕೋ’ ಎಂದರು. ಅಮ್ಮನೂ ಸಮಾಧಾನವಾಗಿದ್ದಾರೆ.

ಇನ್ನೆರಡು ಪ್ರಶ್ನೆಗಳಿವೆ. ಕೊನೆಗೆ ಊರಿನ ಮನೆಯಲ್ಲೇ ಇರಬೇಕೆಂದು ಅಪ್ಪ ಬಯಸುತ್ತಿದ್ದಾರೆ. ನೋವು ಹತೋಟಿಗೆ ಬಂದ ಮೇಲೆ ಕರೆದೊಯ್ಯುವುದು ಸಾಧ್ಯವೇ? ಬಾಯಿಗೆ ತುಳಸಿ ನೀರು ಬಿಡಬೇಕೆಂದು ಅತ್ತೆಯರ ಆಸೆ, ಅದಕ್ಕೆ ಅಡ್ಡಿಯಿದೆಯೇ?

ಉತ್ತರ: ಉಪಶಾಮಕ ವೈದ್ಯ

ಖಂಡಿತ ಸಾಧ್ಯವಿದೆ. ಹಾಸ್ಪೈಸ್‌ಗೆ ಸೇರಿದವರು ಅಲ್ಲಿಯೇ ಕೊನೆಯವರೆಗೆ ಇರಬೇಕೆಂದೇನೂ ಇಲ್ಲ. ನೋವು, ವಾಂತಿ ಹತೋಟಿಗೆ ಬಂದ ಮೇಲೆ ಮನೆಗೆ ಹೋಗುವವರು ಅನೇಕರಿದ್ದಾರೆ. ಆದರೆ ಆ ನಿರ್ಧಾರವನ್ನು ತೀರಾ ಕೊನೆಗೆ ತಳ್ಳಬೇಡಿ. ಪ್ರಜ್ಞೆ ತಪ್ಪಿದ ಮೇಲೆ ತಿಪಟೂರಿನವರೆಗಿನ ಪ್ರಯಾಣ ಅವರಿಗೂ ಹಿಂಸೆ, ನಿಮಗೂ ದಾರಿಯುದ್ದಕ್ಕೂ ಆತಂಕ. ಹೊರಡುವ ಮೊದಲು ಚರ್ಮದಡಿಯ ಚುಚ್ಚುಮದ್ದು ಕೊಡುವುದನ್ನು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ವಾರ್ಡಿನಲ್ಲಿಯೇ ಕಲಿತುಕೊಳ್ಳಿ. ಬಾಡಿಗೆಗೆ ಒಂದು ಗಾಳಿ ಹಾಸಿಗೆ ಗೊತ್ತುಮಾಡಿ. ಊರಿನಲ್ಲಿ ರಾತ್ರಿ ಕರೆದರೆ ಬರುವ ಒಬ್ಬ ವೈದ್ಯರನ್ನು ಈಗಲೇ ಕಂಡು ಮಾತನಾಡಿ, ಡಿಸ್ಚಾರ್ಜ್ ಸಾರಾಂಶದ ಪ್ರತಿ ಅವರ ಬಳಿ ಇರಲಿ.

ಕೊನೆಯ ದಿನಗಳಲ್ಲಿ ಏನಾಗುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿರಿ. ದಿನದ ಹೆಚ್ಚು ಹೊತ್ತು ನಿದ್ದೆ, ಕೈಕಾಲು ತಣ್ಣಗಾಗುವುದು, ಮಂಡಿ ಮತ್ತು ಪಾದದ ಮೇಲೆ ನೀಲಿ ಛಾಯೆ, ಉಸಿರು ಕೆಲವು ಕ್ಷಣ ನಿಂತು ಮತ್ತೆ ಶುರುವಾಗುವುದು ಇವೆಲ್ಲ ಸಹಜ. ಗಂಟಲಿನಲ್ಲಿ ಗೊರಗೊರ ಸದ್ದು ಕೇಳುವವರಿಗೆ ಭಯ ಹುಟ್ಟಿಸುತ್ತದೆ, ಆದರೆ ಪ್ರಜ್ಞೆಯಿಲ್ಲದ ರೋಗಿಗೆ ಅದರಿಂದ ಸಾಮಾನ್ಯವಾಗಿ ಬಾಧೆಯಾಗುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿದರೆ ತಗ್ಗುತ್ತದೆ. ಆಗಲೂ ಅವರಿಗೆ ಕೇಳಿಸುತ್ತಿದೆ ಎಂದೇ ಭಾವಿಸಿ ಮಾತನಾಡಿ.

ತುಳಸಿ ನೀರಿಗೆ ಯಾವ ಅಡ್ಡಿಯೂ ಇಲ್ಲ, ಆದರೆ ಚಮಚದಲ್ಲಿ ಬಾಯಿಗೆ ಸುರಿಯಬಾರದು. ನುಂಗುವ ಶಕ್ತಿ ಇಲ್ಲದಾಗ ಅದು ನೇರ ಶ್ವಾಸನಾಳಕ್ಕೆ ಹೋಗುತ್ತದೆ. ತುಳಸಿ ದಳವನ್ನೇ ನೀರಿನಲ್ಲಿ ಅದ್ದಿ ತುಟಿಗೆ ಮುಟ್ಟಿಸಿದರೆ ಸಾಕು. ಅತ್ತೆಯಂದಿರ ಮನಸ್ಸಿಗೂ ತೃಪ್ತಿಯಾಗುತ್ತದೆ.

ಐಸಿಯು, ವೆಂಟಿಲೇಟರ್ ಬೇಡವೆಂಬುದು ನಿಮ್ಮ ತಂದೆಯವರ ಸ್ವಂತ ನಿರ್ಧಾರವಾಗಿದ್ದರೆ ಅದನ್ನು ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇಂಥ ಇಚ್ಛಾಪತ್ರಕ್ಕೆ ಮಾನ್ಯತೆ ನೀಡಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು.

ಹಾಸ್ಪೈಸ್‌ನಲ್ಲಿ ಮರಣ ಸಂಭವಿಸಿದರೆ ನೋಂದಣಿಗೆ ಮಾಹಿತಿಯನ್ನು ಸಂಸ್ಥೆಯೇ ಕಳುಹಿಸುತ್ತದೆ. ಮನೆಯಲ್ಲಾದರೆ, ನೋಡುತ್ತಿದ್ದ ವೈದ್ಯರಿಂದ ಮರಣ ಕಾರಣದ ಪ್ರಮಾಣಪತ್ರ ಪಡೆದು 21 ದಿನಗಳೊಳಗೆ ನಿಮ್ಮ ಊರಿನ ಜನನ ಮರಣ ನೋಂದಣಾಧಿಕಾರಿಗೆ ತಿಳಿಸಬೇಕು. ಹೆಸರಿನ ಅಕ್ಷರಗಳು ಆಧಾರ್ ಮತ್ತು ಪಹಣಿಯಲ್ಲಿರುವಂತೆಯೇ ಇವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಖಾತೆ ಬದಲಾವಣೆಗೆ ಮುಂದೆ ಅದೇ ತೊಡಕಾಗುತ್ತದೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳದೆ, ಬೇರೆ ಯಾರ ನೋವಿಗೂ ಕೊಡದೆ, ಕೊಟ್ಟ ಆಸ್ಪತ್ರೆಗೇ ಚೀಟಿಯ ಸಮೇತ ಹಿಂದಿರುಗಿಸಿ.